ಒಳಗಿನಿಂದ ರೀಸ್ಟಾರ್ಟ್ ಕೊಟ್ಟರೆ ಸಾಲದು

ಪ್ರಶ್ನೆ: ಅಂತರಸನಹಳ್ಳಿಯ ನಮ್ಮ ಅಡಿಕೆ ಮಂಡಿಯಲ್ಲಿ ಒಂದು ಉಬುಂಟು ಸರ್ವರ್ ಇದೆ. ಅದರ ಮೇಲೆ ಕೆವಿಎಂನಲ್ಲಿ (ಒಂದೇ ಗಣಕದೊಳಗೆ ಹಲವು ಗಣಕ ಓಡಿಸುವ ಲಿನಕ್ಸ್ ಸೌಲಭ್ಯ) ವಿಂಡೋಸ್‌ನ ಮೂರು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್ ಗಣಕ, ಓಡುತ್ತವೆ: ಲೆಕ್ಕಕ್ಕೊಂದು, ಬಿಲ್ಲಿಂಗ್‌ಗೊಂದು, ಫೈಲುಗಳಿಗೊಂದು. ಆ ಮಷೀನುಗಳನ್ನು ಓಡಿಸುವ ಕ್ಯೂಎಮು ತಂತ್ರಾಂಶದ ಭದ್ರತಾ ಅಪ್‌ಡೇಟ್ ಹಾಕಿ, ಮೂರನ್ನೂ ಒಳಗಿನಿಂದ ರೀಸ್ಟಾರ್ಟ್ ಮಾಡಿದೆ. ಆದರೂ ಹಳೆಯ ಆವೃತ್ತಿಯೇ ಓಡುತ್ತಿದೆ ಎಂದು ಸರ್ವರ್ ಎಚ್ಚರಿಸುತ್ತಿದೆ. ಅಪ್‌ಡೇಟ್ ಸರಿಯಾಗಿ ಕೂತಿಲ್ಲವೇ?
– ಓದುಗರು, ತುಮಕೂರು

ಉತ್ತರ: ಡಿಸ್ಕ್ ಮೇಲೆ ಕೂತಿದೆ, ಮೆಮೊರಿಯಲ್ಲಿ ಹಳೆಯದೇ ಓಡುತ್ತಿದೆ. ನಿಮ್ಮ ಒಂದೊಂದು ವರ್ಚುವಲ್ ಮಷೀನೂ ಸರ್ವರ್‌ನ ಕಣ್ಣಿಗೆ ಒಂದೊಂದು ಕ್ಯೂಎಮು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಅಷ್ಟೇ. ವಿಂಡೋಸ್ ಒಳಗಿಂದ ರೀಸ್ಟಾರ್ಟ್ ಕೊಟ್ಟರೆ ವಿಂಡೋಸ್ ಮರುಹುಟ್ಟುತ್ತದೆ, ಆ ಪ್ರೋಸೆಸ್ ಸಾಯುವುದಿಲ್ಲ. ಭದ್ರತೆಯ ತೂತು ಇರುವುದು ಆ ಪ್ರೋಸೆಸ್‌ನಲ್ಲೇ.

2015ರ ಮೇ ತಿಂಗಳಲ್ಲಿ ಹೊರಬಿದ್ದ 'ವೆನಮ್' ದೋಷ ನೆನಪಿಸಿಕೊಳ್ಳಿ. ಅದು ಇದ್ದದ್ದು ಕ್ಯೂಎಮುವಿನ ಫ್ಲಾಪಿ ನಿಯಂತ್ರಕದಲ್ಲಿ. ಫ್ಲಾಪಿ ಯಾರ ಬಳಿ ಇದೆ ಎಂದು ನಗಬೇಡಿ. ಫ್ಲಾಪಿ ಜೋಡಿಸದ ಮಷೀನುಗಳಲ್ಲೂ ಆ ಕೋಡ್ ಕೈಗೆಟುಕುವಂತಿತ್ತು. ಒಂದು ವರ್ಚುವಲ್ ಮಷೀನಿಗೆ ನುಗ್ಗಿದವನು ಅಲ್ಲಿಂದ ಸರ್ವರ್‌ಗೇ ಕಾಲಿಡಬಹುದಾಗಿತ್ತು. ಅಂದರೆ ಬಿಲ್ಲಿಂಗ್ ಮಷೀನ್ ಕೆಟ್ಟರೆ ಲೆಕ್ಕದ ಮಷೀನಿಗೂ ದಾರಿ.

ಹೀಗೆ ಮಾಡಿ. ಮಂಡಿ ವಹಿವಾಟು ಇಲ್ಲದ ಹೊತ್ತು ನೋಡಿಕೊಂಡು, ಸರ್ವರ್‌ನ ಟರ್ಮಿನಲ್‌ನಲ್ಲಿ 'ವಿರ್ಶ್ ಶಟ್‌ಡೌನ್' (virsh shutdown) ಎಂದು ಬರೆದು ಮುಂದೆ ಮಷೀನಿನ ಹೆಸರು ಕೊಡಿ. ಮಷೀನುಗಳ ಪಟ್ಟಿಯಲ್ಲಿ (virsh list --all) ಅದು 'ಶಟ್ ಆಫ್' ಎಂದು ಕಾಣುವವರೆಗೆ ಕಾಯಿರಿ. ವಿಂಡೋಸ್ ಕೆಲವೊಮ್ಮೆ ಈ ಮಾತು ಕೇಳುವುದಿಲ್ಲ. ಆಗ ಒಳಗೆ ಹೋಗಿ ಶಟ್‌ಡೌನ್ ಒತ್ತಿ. ತಾಳ್ಮೆಗೆಟ್ಟು 'ವಿರ್ಶ್ ಡೆಸ್ಟ್ರಾಯ್' ಕೊಡಬೇಡಿ, ಅದು ಪ್ಲಗ್ ಕಿತ್ತಂತೆ, ಲೆಕ್ಕದ ಫೈಲು ಹಾಳಾಗಬಹುದು. ಮಷೀನ್ ನಿಂತಿರುವಾಗಲೇ ಅದರ ಡಿಸ್ಕ್ ಇಮೇಜನ್ನು (ಅದರ ಇಡೀ ಡಿಸ್ಕ್ ಅಡಗಿರುವ ಫೈಲು) ಬೇರೆ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಅದೇ ಫೈಲಿನೊಳಗೆ ತೆಗೆದ ಸ್ನಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ಬ್ಯಾಕಪ್ ಅಲ್ಲ, ಡಿಸ್ಕ್ ಹೋದರೆ ಅದೂ ಹೋಯಿತು. ಆಮೇಲೆ 'ವಿರ್ಶ್ ಸ್ಟಾರ್ಟ್'.

ಕೆವಿಎಂ ಭಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ. ಹೊಸ ಕರ್ನಲ್ ಬಂದಿದ್ದರೆ ಮೂರೂ ಮಷೀನ್ ನಿಲ್ಲಿಸಿ ಸರ್ವರನ್ನೇ ರೀಬೂಟ್ ಮಾಡದೆ ವಿಧಿಯಿಲ್ಲ. ಮೂರರೊಳಗಿನ ವಿಂಡೋಸ್ ಅಪ್‌ಡೇಟ್ ಬೇರೆಯದೇ ಕೆಲಸ. ಸರ್ವರ್‌ಗೆ ಹಾಕಿದ್ದು ಅದಕ್ಕೆ ತಟ್ಟುವುದಿಲ್ಲ.

ಪ್ರಶ್ನೆ: ಕಾಲೇಜ್ ಲ್ಯಾಬಿನ ಉಬುಂಟು ಗಣಕಗಳಲ್ಲಿ ವರ್ಚುವಲ್ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಅಪ್‌ಡೇಟ್ ಮಾಡಿದ ಮೇಲೆ ಕೆಲವು ಮಷೀನ್ ಏಳುತ್ತಿಲ್ಲ.
– ಓದುಗರು, ಚಿಂತಾಮಣಿ

ಉತ್ತರ: ಎರಡು ಕಡೆ ನೋಡಿ. ಎಕ್ಸ್‌ಟೆನ್ಷನ್ ಪ್ಯಾಕ್ (ವರ್ಚುವಲ್‌ಬಾಕ್ಸ್‌ಗೆ ಬೇರೆಯಾಗಿ ಹಾಕುವ ಹೆಚ್ಚುವರಿ ಭಾಗ) ಹಳೆಯ ಆವೃತ್ತಿಯದೇ ಉಳಿದಿದ್ದರೆ ಹೊಸದಕ್ಕೆ ಹೊಂದುವುದನ್ನು ಹಾಕಿ. 'ಸೇವ್ ಸ್ಟೇಟ್' ಮಾಡಿ ಮಲಗಿಸಿದ್ದ ಮಷೀನುಗಳಾದರೆ, ಆ ಉಳಿಸಿದ ಸ್ಥಿತಿ ಹೊಸ ಆವೃತ್ತಿಗೆ ಒಗ್ಗದೆ ಇರಬಹುದು; ಅದನ್ನು ಡಿಸ್ಕಾರ್ಡ್ ಮಾಡಿದರೆ ಮಷೀನ್ ಏಳುತ್ತದೆ, ಉಳಿಸದ ಕೆಲಸ ಮಾತ್ರ ಹೋಗುತ್ತದೆ. ವರ್ಚುವಲ್‌ಬಾಕ್ಸ್ ತಯಾರಿಸುವ ಒರಾಕಲ್ ಕಂಪನಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೂರನೇ ಮಂಗಳವಾರ ಭದ್ರತಾ ತಿದ್ದುಪಡಿಗಳನ್ನು ಬಿಡುತ್ತದೆ. ಹಿಂದಿನ ದಿನವೇ ವಿದ್ಯಾರ್ಥಿಗಳಿಂದ ಎಲ್ಲ ಮಷೀನ್ ಪೂರ್ತಿ ಶಟ್‌ಡೌನ್ ಮಾಡಿಸಿಡಿ.