ಪ್ರತಿ: ಒಂದೇ ಹಾರ್ಡ್ ಡಿಸ್ಕ್ ಸಾಕಾ?

ಮೂಡಿಗೆರೆ ಹತ್ತಿರದ ಮನೆ, ತೋಟದ ಲೆಕ್ಕ, ಮಕ್ಕಳ ಫೋಟೋ ಎಲ್ಲ ಒಂದೇ ಕಂಪ್ಯೂಟರಿನಲ್ಲಿದೆ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದನ್ನು ಸದಾ ಸಿಕ್ಕಿಸಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಸಾರ್.

ಡಿಸ್ಕ್ ತನ್ನಿ, ಆದರೆ ಸಿಕ್ಕಿಸಿಯೇ ಬಿಡಬೇಡಿ. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಸಿಡಿಲು ಹೇಗೆ ಅಂತ ಗೊತ್ತಲ್ವಾ, ಒಂದೇ ಹೊಡೆತಕ್ಕೆ ಎರಡೂ ಹೋಗಬಹುದು. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಕ್ಕರೂ ಅಷ್ಟೇ, ಸಿಕ್ಕಿಸಿರುವ ಡಿಸ್ಕನ್ನೂ ಬಿಡುವುದಿಲ್ಲ. ಭಾನುವಾರ ಸಿಕ್ಕಿಸಿ, ವಿಂಡೋಸ್‌ನಲ್ಲೇ ಇರುವ, ಫೈಲ್‌ಗಳ ನಕಲು ತೆಗೆದಿಡುವ ಫೈಲ್ ಹಿಸ್ಟರಿ ಓಡಿಸಿ, ಕಳಚಿ ಬೀರುವಿನಲ್ಲಿಡಿ. ಥಂಡಿ ಹಿಡಿಯದ ಹಾಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ.

ಗೂಗಲ್ ಡ್ರೈವ್‌ನಲ್ಲಿ ಬಿಟ್ಟಿ ಸಿಗುವುದು 15 ಜಿಬಿ. ಜಿಮೇಲ್, ಫೋಟೋಸ್ ಕೂಡ ಅದರಲ್ಲೇ. ಲೆಕ್ಕದ ಎಕ್ಸೆಲ್, ಪಹಣಿ ಸ್ಕ್ಯಾನ್‌ಗೆ ಧಾರಾಳ. ಆದರೆ ಸಿಂಕ್ (ಕಂಪ್ಯೂಟರಿನಲ್ಲಿದ್ದದ್ದೂ ಡ್ರೈವ್‌ನಲ್ಲಿದ್ದದ್ದೂ ತಾನಾಗಿ ಒಂದೇ ಥರ ಆಗುವುದು) ಇಟ್ಟರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಡ್ರೈವ್‌ನ ಕಸದ ಬುಟ್ಟಿಯಾದ ಬಿನ್‌ನಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಹಾಗಾಗಿ ಅದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಫೋಟೋಗಳನ್ನು ನಿಮ್ಮೂರಿನ ನೆಟ್‌ನಲ್ಲಿ ಏರಿಸುತ್ತಾ ಕೂರುವುದು ಸುಮ್ನೆ ತಲೆನೋವು. ಇನ್ನೊಂದು ಡಿಸ್ಕಿಗೆ ಹಾಕಿ, ಹಾಸನದಲ್ಲಿ ಮಗಳಿದ್ದಾಳೆ ಅಂದಿರಲ್ಲ, ಅಲ್ಲಿಡಿ. ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿದರಾಯಿತು.

ಆಗಾಗ ಒಂದು ಹಳೇ ಫೈಲ್ ಡಿಸ್ಕಿನಿಂದ ವಾಪಸ್ ತೆಗೆದು, ತೆರೆಯುತ್ತದಾ ನೋಡಿ. ಜಾಸ್ತಿ ಜನ ಇದನ್ನೇ ಮಾಡುವುದಿಲ್ಲ.