ಮೊದಲು ಅಪ್ಪನ ಎಡಗಾಲಿಗೆ ರಜೆ ಕೊಡಿ

ಮೂವತ್ತು ವರ್ಷ ಲಾರಿ ಓಡಿಸಿದ ನಿಮ್ಮ ಅಪ್ಪ ಮನೆಗೆ ಬಂದ ಹೊಸ ಆಟೊಮ್ಯಾಟಿಕ್ ಕಾರನ್ನು ಎರಡೇ ದಿನ ಓಡಿಸಿದರು. ಆಮೇಲೆ "ಇದು ನನ್ನ ಮಾತು ಕೇಳಂಗಿಲ್ಲ" ಅಂತ ಚಾವಿ ಟಿವಿ ಪಕ್ಕ ಇಟ್ಟುಬಿಟ್ಟರು. ಈ ಸೆನ್ಸರ್, ಕ್ಯಾಮೆರಾ, ಲೇನ್ ಅಸಿಸ್ಟ್ ಎಲ್ಲ ಅವರಿಗೆ ರೂಢಿ ಮಾಡಿಸೋದು ಹೇಗೆ ಅಂತ ಅಥಣಿಯಿಂದ ಕೇಳಿದ್ದೀರಿ. ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಾನೂ ಹಾಗೇ ಚಾವಿ ಇಟ್ಟವನು.

ನಾನು ಮುಧೋಳದ ಕಡೆಯವನು. 1996ರಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದೆ. ಟಾಟಾ 1210ರಲ್ಲಿ ಕೈ ಕೂಡಿತು, ಆಮೇಲೆ 1613. ಈಗ ನಾಲ್ಕು ವರ್ಷದಿಂದ ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಇಂಜಿನ್ನಿನ ಹತ್ತು ಗಾಲಿಯ ಗಾಡಿ. ಸಕ್ಕರೆ, ಸಿಮೆಂಟು, ಉಳ್ಳಾಗಡ್ಡಿ, ಯಾವ ಲೋಡ್ ಆದರೂ ಸರಿ. ಊರಲ್ಲಿದ್ದಾಗ ಅಳಿಯನ ಕಾರು ಓಡಿಸುತ್ತೇನೆ. ಅದೂ ನಿಮ್ಮದರ ಥರದ್ದೇ, ಕ್ಲಚ್ ಇಲ್ಲದ್ದು.

ಮೊದಲ ದಿನ ಏನಾಗಿರಬಹುದು ಅಂತ ಊಹಿಸಲಾ? ಹಂಪ್ ಬಂತು. ಅಪ್ಪನ ಎಡಗಾಲು ತಾನಾಗೇ ಕ್ಲಚ್ ಹುಡುಕಿಕೊಂಡು ಹೋಯಿತು. ಅಲ್ಲಿ ಕ್ಲಚ್ ಇಲ್ಲ, ಅಗಲವಾದ ಬ್ರೇಕ್ ಪೆಡಲ್ ಇದೆ. ಲಾರಿ ಕ್ಲಚ್ ತುಳಿದ ಕಾಲು ಮೆಲ್ಲಗೆ ತುಳಿಯೋದು ಎಲ್ಲಿ ಬರಬೇಕು? ತಳಕ್ಕೆ ಒತ್ತಿತು. ಕಾರು ಗಕ್ಕನೆ ನಿಂತಿತು.

ನನಗೆ ಆಗಿದ್ದೂ ಇದೇ. ಲೋಕಾಪುರದ ರಸ್ತೆಯಲ್ಲಿ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು, ಬುತ್ತಿ ಗಂಟು. ಡಬ್ಬಿ ಹಾರಿ ಮುಂದೆ ಬಂದು ಬಿತ್ತು, ಮುಚ್ಚಳ ತೆರೀತು, ಶೇಂಗಾ ಚಟ್ನಿ ಗೇರ್ ಲಿವರ್ ಸುತ್ತ ಎಲ್ಲಾ ಕಡೆ. ಹಿಂದಿದ್ದ ಬೈಕಿನವನು ಕಿಟಕಿ ಹತ್ತಿರ ಬಂದು ಬೈದ ಮಾತು ಇಲ್ಲಿ ಬರೆಯೋಕಾಗಲ್ಲ. ಅಳಿಯ "ಇರ್ಲಿ ಬಿಡ್ರಿ ಮಾವಾರ" ಅಂದ. ಆದರೆ ಆ ಚಟ್ನಿ ಪುಡಿ ಆರು ತಿಂಗಳು ಸಿಗುತ್ತಲೇ ಇತ್ತು.

ಅದಕ್ಕೇ ಹೇಳೋದು, ಸ್ಕ್ರೀನು, ಬಟನ್ನು ಆಮೇಲೆ. ಮೊದಲ ವಾರ ಎಡಗಾಲಿನ ಪಾಠ ಮಾತ್ರ. ಸಂತೆ ಇಲ್ಲದ ದಿನ ಎಪಿಎಂಸಿ ಆವರಣವೋ, ಖಾಲಿ ಮೈದಾನವೋ ನೋಡಿ ಬೆಳಿಗ್ಗೆ ಆರಕ್ಕೆ ಕರೆದುಕೊಂಡು ಹೋಗಿ. ಎಡಗಾಲಿನ ಹಿಮ್ಮಡಿ ಸೀಟಿಗೆ ತಾಗುವ ಹಾಗೆ ಹಿಂದಕ್ಕೆ ಎಳೆದು ಕೂಡಲಿ. ಆಮೇಲೆ ಮುಂದೆ ಹೋಗುವ ಡಿ ಹಾಕಿ ಬ್ರೇಕ್ ಬಿಡೋದು, ನಿಲ್ಲಿಸೋದು, ಮತ್ತೆ ಬಿಡೋದು. ಆಕ್ಸಿಲರೇಟರ್ ಮುಟ್ಟದೇ ಗಾಡಿ ತೆವಳುತ್ತದಲ್ಲ, ಅದು ನಮ್ಮಂಥವರಿಗೆ ದೆವ್ವ ಹಿಡಿದ ಹಾಗೆ ಅನಿಸುತ್ತದೆ. ಅರ್ಧ ಗಂಟೆ ಬರೀ ತೆವಳಿಸಿದರೆ ಆ ಭಯ ಹೋಗುತ್ತದೆ. ಪೂರ್ತಿ ನಿಲ್ಲದೇ ಡಿಯಿಂದ ರಿವರ್ಸಿನ ಆರ್‌ಗೆ ಹಾಕಬಾರದು, ಇಳಿಯುವ ಮುಂಚೆ ಪಾರ್ಕಿಂಗಿನ ಪಿ ಹಾಕಿ ಹ್ಯಾಂಡ್‌ಬ್ರೇಕ್ ಹಾಕಬೇಕು. ಇಷ್ಟೇ. ಇಳಿಜಾರಿನಲ್ಲಿ ನಾನು ಈಗಲೂ ಗಾಲಿಗೆ ಒಂದು ಕಲ್ಲು ಕೊಡುತ್ತೇನೆ. ಅಳಿಯ ನಗುತ್ತಾನೆ. ನಗಲಿ.

ನೀವು ಒಂದು ಅರ್ಥ ಮಾಡಿಕೊಳ್ಳಬೇಕು. ಹಳೇ ಲಾರಿಯಲ್ಲಿ ಮೀಟರ್ ನೋಡಿ ಯಾರೂ ಗಾಡಿ ಓಡಿಸುತ್ತಿರಲಿಲ್ಲ. ಎಷ್ಟೋ ಗಾಡಿಗಳ ಮೀಟರಿನ ಮುಳ್ಳು ಸತ್ತೇ ಹೋಗಿರುತ್ತಿತ್ತು. ಎಲ್ಲಾ ಕಿವಿಯಲ್ಲಿ, ಪಾದದಲ್ಲಿ, ಸೊಂಟದಲ್ಲಿ. ಏರು ಬಂದು ಇಂಜಿನ್ ದನಿ ದಪ್ಪ ಆಯಿತು ಅಂದರೆ ಗೇರ್ ಇಳಿಸಬೇಕು. ಅದೂ ಸುಮ್ನೆ ಇಳಿಯುತ್ತಿರಲಿಲ್ಲ. ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರು. ಡಬಲ್ ಕ್ಲಚ್ ಅಂತೀವಿ. ರೇಸ್ ಸ್ವಲ್ಪ ಕಮ್ಮಿ ಆದರೂ ಗೇರ್‌ಬಾಕ್ಸ್ ಕರಕರ ಅಂತ ಹಲ್ಲು ಕಡಿಯುತ್ತಿತ್ತು, ಉಸ್ತಾದ್ ಕೈಯಿಂದ ತಲೆಗೆ ಒಂದು ಬೀಳುತ್ತಿತ್ತು. ಟೈರಿನ ಗಾಳಿ ನೋಡೋದು ರಾಡಿನಿಂದ ಬಡಿದು. ಟಣ್ ಅಂದರೆ ಸರಿ, ದಪ್ ಅಂದರೆ ಇಳಿದಿದೆ. ಹಾಗೆ ಕಲಿತ ಮನುಷ್ಯನನ್ನು ಸದ್ದೇ ಇಲ್ಲದ ಕಾರಿನಲ್ಲಿ ಕೂಡಿಸಿದರೆ ಕಿವಿಗೆ ಹತ್ತಿ ಇಟ್ಟ ಹಾಗೆ. ಎಷ್ಟು ಸ್ಪೀಡಿನಲ್ಲಿದ್ದೇನೆ ಅನ್ನೋದೇ ಗೊತ್ತಾಗಲ್ಲ.

ಅದಕ್ಕೇ ಸ್ಪೀಡ್ ಜಾಸ್ತಿ ಆದರೆ ಕಾರು ಪೀಂ ಪೀಂ ಅಂತ ಎಚ್ಚರಿಸೋದು. 2019ರ ಜುಲೈನಿಂದ ತಯಾರಾದ ಕಾರುಗಳಿಗೆಲ್ಲ ಅದು ಕಡ್ಡಾಯ. 80 ದಾಟಿದರೆ ಆಗಾಗ ಒದರುತ್ತದೆ, 120 ದಾಟಿದರೆ ಬಿಡದೇ ಒದರುತ್ತದೆ. ಏನೋ ಕೆಟ್ಟಿದೆ ಅಂತ ಅಪ್ಪ ಅಂದುಕೊಂಡಿರಬಹುದು. ನಾನು ಅಂದುಕೊಂಡಿದ್ದೆ. ಸಂಕೇಶ್ವರದ ಹತ್ತಿರ ಹೈವೇ ಪಕ್ಕ ನಿಲ್ಲಿಸಿ, ಕೆಳಗಿಳಿದು ಒಂದು ಸುತ್ತು ಹಾಕಿ, ಗಾಲಿಗೆ ಒದ್ದು ನೋಡಿ ಹತ್ತಿದ್ದೆ.

ಇನ್ನು ಬ್ರೇಕು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಹಳೇ ಗಾಡಿಯಲ್ಲಿ ಮಳೆಗಾಲದಲ್ಲಿ ಬ್ರೇಕ್ ಒತ್ತಿ ಹಿಡಿದರೆ ಗಾಲಿ ಲಾಕ್ ಆಗಿ ಗಾಡಿ ಜಾರುತ್ತಿತ್ತು. ಹಾಗಾಗಿ ತುಳಿ, ಬಿಡು, ತುಳಿ, ಬಿಡು. ಗಾಲಿ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಇದ್ದರೆ ಅದು ತಪ್ಪು. ಆ ತುಳಿದು ಬಿಡೋ ಕೆಲಸವನ್ನು ಗಾಡಿಯೇ ಸೆಕೆಂಡಿಗೆ ಎಷ್ಟೋ ಸಲ ಮಾಡುತ್ತದೆ, ನಾವು ಜೋರಾಗಿ ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿಕೊಂಡರೆ ಸಾಕು. ತೊಂದರೆ ಏನು ಅಂದರೆ, ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಪಾದದ ಕೆಳಗೆ ಗಡಗಡ ನಡುಗುತ್ತದೆ. ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆ ಹೋಗುವಾಗ ಮಳೆಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ, ಪೆಡಲ್ ನಡುಗಿತು, ಏನೋ ಮುರೀತು ಅಂತ ಕಾಲು ತೆಗೆದುಬಿಟ್ಟೆ! ಎಮ್ಮೆ ಬುದ್ಧಿವಂತ ಇತ್ತು, ಅದೇ ಪಕ್ಕಕ್ಕೆ ಸರಿಯಿತು. ಹಿಂದೆ ಮುಂದೆ ಯಾರೂ ಇಲ್ಲದ ಮಣ್ಣು ರಸ್ತೆಯಲ್ಲಿ, 30ರ ಸ್ಪೀಡಿನಲ್ಲಿ, ಅಪ್ಪನಿಂದ ಎರಡು ಮೂರು ಸಲ ಜೋರಾಗಿ ಬ್ರೇಕ್ ಹಾಕಿಸಿ. ಆ ನಡುಕ ಪಾದಕ್ಕೆ ಗೊತ್ತಾಗಲಿ. ಬಾಯಿಂದ ಹೇಳಿದರೆ ಆಗಲ್ಲ.

ಲೇನ್ ಅಸಿಸ್ಟ್ ಅಂತೀರಲ್ಲ, ಅದರ ಜಗಳ ಎಲ್ಲಾ ಇಂಡಿಕೇಟರಿನದ್ದು. ಇಂಡಿಕೇಟರ್ ಹಾಕದೇ ಬಿಳಿ ಗೆರೆ ದಾಟಲು ಹೋದರೆ, ನಿದ್ದೆ ಬಂತೇನೋ ಅಂದುಕೊಂಡು ಅದು ಸ್ಟೇರಿಂಗನ್ನು ವಾಪಸ್ ಎಳೆಯುತ್ತದೆ. ನಮ್ಮ ಲಾರಿಯವರಿಗೆ ಇಂಡಿಕೇಟರ್ ಅಂದರೆ ಬೇರೆ. ಹಿಂದಿನವನಿಗೆ "ರಸ್ತೆ ಖಾಲಿ ಐತಿ, ಹೋಗು" ಅನ್ನೋ ಕಣ್ಣುಸನ್ನೆ ಅದು. ಲೇನ್ ಬದಲಿಸಲು ಅದನ್ನು ಹಾಕಬೇಕು ಅಂದರೆ ಕೈ ಬರಲ್ಲ. ಬೆಳಗಾವಿಯಿಂದ ಕೊಲ್ಲಾಪುರದ ಕಡೆ ಎನ್‌ಎಚ್ 48ರಲ್ಲಿ ಹೋಗುವಾಗ ನಾನು ಎಳೆಯೋದು, ಅದು ಎಳೆಯೋದು, ಎತ್ತಿನ ಜೊತೆ ಗುದ್ದಾಡಿದ ಹಾಗೆ ಆಗಿತ್ತು. ನಿಪ್ಪಾಣಿ ಮುಟ್ಟುವಷ್ಟರಲ್ಲಿ ಸೋತೆ, ಇಂಡಿಕೇಟರ್ ಹಾಕೋದು ಕಲಿತೆ. ಅದರಿಂದ ಲಾರಿ ಓಡಿಸುವಾಗಲೂ ಹಾಕುತ್ತೇನೆ ಈಗ.

ಆದರೆ ಗೆರೆಯೇ ಇಲ್ಲದ ನಮ್ಮ ಹಳ್ಳಿ ರಸ್ತೆಗೆ ಇದು ಬೇಡ, ಆಫ್ ಮಾಡಿಡಿ. ಮುಂದೆ ಏನಾದರೂ ಅಡ್ಡ ಬಂದರೆ ಕಾರು ತಾನೇ ಬ್ರೇಕ್ ಹಾಕುವುದನ್ನು ಮಾತ್ರ ಆಫ್ ಮಾಡಬೇಡಿ. ಸುಮ್ಸುಮ್ನೆ ಒದರುತ್ತದೆ ಅಂತ ಸಿಟ್ಟು ಬರುತ್ತದೆ, ನಿಜ. ಬಂದರೂ ಇರಲಿ.

ಹಾಗಂತ ಅದನ್ನೇ ನಂಬಿ ಕೂತರೂ ಕೆಲಸ ಕೆಟ್ಟಿತು. ಕಬ್ಬಿನ ಸೀಸನ್ನಿನಲ್ಲಿ ಅಥಣಿ, ಜಮಖಂಡಿ, ಮುಧೋಳ ರಸ್ತೆ ರಾತ್ರಿ ಹೇಗಿರುತ್ತದೆ ನಿಮಗೇ ಗೊತ್ತು. ಮುಂದೆ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಹಿಂದಿನ ದೀಪ ಇಲ್ಲ, ಕಬ್ಬಿನ ತುದಿ ಮಾರುದ್ದ ಹೊರಗೆ, ಹಾಡು ಮಾತ್ರ ಮೂರು ಊರಿಗೆ ಕೇಳುತ್ತದೆ. ಗಾಳಿಯಲ್ಲಿ ಜೋತಾಡುವ ಆ ತುದಿಯನ್ನು ಕಾರಿನ ಕ್ಯಾಮೆರಾ ಗಾಡಿ ಅಂತ ಗುರುತಿಸುತ್ತದೆ ಅಂತ ಲೆಕ್ಕ ಹಾಕಲೇಬೇಡಿ. ಅಲ್ಲಿ ನಿಮ್ಮ ಅಪ್ಪನ ಕಣ್ಣೇ ಸೆನ್ಸರು. ಹಾಡು ಕೇಳಿಸಲಿ ಅಂತ ನಾನು ಆ ರಸ್ತೆಯಲ್ಲಿ ಕಿಟಕಿ ಗಾಜು ನಾಲ್ಕು ಬೆರಳು ಇಳಿಸಿಡುತ್ತೇನೆ.

ಒಂದು ಮಜಾ ಹೇಳುತ್ತೇನೆ. ಖಂಡೇ ಪೂಜೆ, ಅಂದರೆ ಆಯುಧ ಪೂಜೆ ದಿನ ಕಾರಿಗೆ ಚೆಂಡುಹೂವಿನ ದಪ್ಪ ಹಾರ, ಗಾಜಿನ ಮೇಲೆ ವಿಭೂತಿ ಪಟ್ಟೆ, ಹಿಂದಿನ ಕ್ಯಾಮೆರಾಕ್ಕೂ ಕುಂಕುಮ. ಚಾಲೂ ಮಾಡಿದರೆ ಸ್ಕ್ರೀನಿನ ತುಂಬ ಹಳದಿ ದೀಪ, ಅದು ಕೆಲಸ ಮಾಡುತ್ತಿಲ್ಲ, ಇದು ಕೆಲಸ ಮಾಡುತ್ತಿಲ್ಲ ಅಂತ. ಮಗಳು ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಫೋನ್ ಹಚ್ಚಿದಳು. ರಾಡಾರ್ ಇರೋದು ಮುಂದಿನ ಬಂಪರಿನ ಹತ್ತಿರ, ಕ್ಯಾಮೆರಾ ಇರೋದು ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡು. ದೇವರಿಗೆ ಬೇರೆ ಜಾಗ ಕೊಟ್ಟೆವು, ದೀಪ ಆರಿದವು. ಘಾಟಿನ ಮಂಜಿನಲ್ಲೂ ಜೋರು ಮಳೆಯಲ್ಲೂ ಹೀಗೇ ಆಗಬಹುದು. ಹೆದರಬೇಕಿಲ್ಲ, ಆ ಹೊತ್ತಿಗೆ ಹಳೇ ಗಾಡಿ ಅಂದುಕೊಂಡು ಓಡಿಸಿದರಾಯಿತು.

ದೀಪಗಳ ವಿಷಯ ಬಂತಲ್ಲ. ಹಳದಿ ಅಂದರೆ ಇವತ್ತೇ ನೋಡು, ಕೆಂಪು ಅಂದರೆ ಈಗಲೇ ನಿಲ್ಲು. ಇದನ್ನು ನಾನು ಕಲಿತದ್ದು ಲಾರಿಯಲ್ಲಿ, ರೊಕ್ಕ ಕೊಟ್ಟು. ಬಿಎಸ್6 ಲಾರಿಗಳಲ್ಲಿ ಡೀಸೆಲ್ ಜೊತೆ ಡೆಫ್ ಅಂತ ಇನ್ನೊಂದು ಟ್ಯಾಂಕಿಗೆ ಹಾಕಬೇಕು. ನಾವು ಯೂರಿಯಾ ಅಂತೀವಿ. ಶುದ್ಧ ನೀರಿನಲ್ಲಿ 32.5 ಪರ್ಸೆಂಟ್ ಯೂರಿಯಾ, ಹೊಗೆಯ ವಿಷ ಕಮ್ಮಿ ಮಾಡೋಕೆ. ಹೊಸ ಗಾಡಿಯ ಮೊದಲ ವಾರ ಅದರ ದೀಪ ಎರಡು ದಿನ ಮಿಣುಕಿತು. ವೈಪರಿನ ನೀರು ಇರಬೇಕು ಅಂತ ಬಿಟ್ಟೆ. ಕೊಲ್ಹಾರದಲ್ಲಿ ಉಳ್ಳಾಗಡ್ಡಿ ತುಂಬಿಕೊಂಡು ಕೃಷ್ಣಾ ಸೇತುವೆ ದಾಟಿದೆ ನೋಡಿ, ಗಾಡಿಯ ದಮ್ಮೇ ಹೋಯಿತು. ಎಷ್ಟು ತುಳಿದರೂ ಜ್ವರ ಬಂದ ಎತ್ತಿನ ಹಾಗೆ. ಪಂಪು ಕೆಟ್ಟಿದೆ ಅಂತ ಪಾನಾ ತೆಗೆದು ಇಳಿದೆ. ಕ್ಲೀನರ್ ಹುಡುಗ ಮೊಬೈಲಿನಲ್ಲಿ ಹುಡುಕಿ "ಉಸ್ತಾದ್, ಯೂರಿಯಾ ಮುಗಿದೈತಿ" ಅಂದ. ಗದ್ದನಕೇರಿ ಕ್ರಾಸಿನವರೆಗೆ ತೆವಳಿಕೊಂಡು ಹೋದೆವು. ಹೊಲಕ್ಕೆ ಹಾಕೋ ಯೂರಿಯಾ ನೀರಿಗೆ ಕಲಸಿ ಹಾಕಿದರೆ ನಡೆಯುತ್ತದೆ ಅನ್ನೋರು ದಾರಿಯಲ್ಲಿ ಇಬ್ಬರು ಸಿಕ್ಕರು. ಹಾಗೆ ಮಾಡಿದರೆ ಸೈಲೆನ್ಸರಿನ ಕಡೆಯ ದುಬಾರಿ ಸಾಮಾನೆಲ್ಲ ಹಾಳು.

ಆ ಪಾನಾ ಬಗ್ಗೆ ಒಂದು ಮಾತು. ನಿಮ್ಮ ಕಾರು ಡೀಸೆಲ್ ಆಗಿದ್ದರೆ ಇದನ್ನು ಮೊದಲೇ ಅಪ್ಪನಿಗೆ ಹೇಳಿಬಿಡಿ. ಹಳೇ ಇಂಜಿನ್ನಿನಲ್ಲಿ ಏರ್ ಹಿಡಿದರೆ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಗಾಳಿ ತೆಗೆಯುತ್ತಿದ್ದೆವು, ಎಲ್ಲಾ ಡ್ರೈವರಿಗೂ ಗೊತ್ತಿದ್ದ ವಿದ್ಯೆ. ಈಗಿನ ಕಾಮನ್ ರೇಲ್ ಇಂಜಿನ್ನಿನಲ್ಲಿ ಆ ಪೈಪಿನೊಳಗೆ ಡೀಸೆಲ್ ಸಾವಿರದ ಆರುನೂರು ಬಾರ್, ಅದಕ್ಕಿಂತ ಜಾಸ್ತಿ ಒತ್ತಡದಲ್ಲೂ ಇರುತ್ತದೆ. ಲಾರಿ ಟೈರಿನ ಗಾಳಿ ಎಂಟು ಬಾರ್ ಸುತ್ತಮುತ್ತ, ಅದನ್ನು ನೆನೆಸಿಕೊಳ್ಳಿ. ಚಾಲೂ ಇರುವಾಗ ನಟ್ ಸಡಿಲ ಮಾಡಿದರೆ ಡೀಸೆಲ್ಲಿನ ಎಳೆ ಸೂಜಿಯ ಹಾಗೆ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಕೈಯೇ ಹೋಗಬಹುದು. ಎಣ್ಣೆ, ನೀರು ನೋಡಲು ಬಾನೆಟ್ ಎತ್ತಲಿ, ಪಾನಾ ಮನೆಯಲ್ಲಿರಲಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡೋ ಚಟವೂ ಇದ್ದೇ ಇರುತ್ತದೆ, ಎವರೇಜ್ ಬರಲಿ ಅಂತ. ಈಗಿನ ಇಂಜಿನ್ನುಗಳು ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್, ಪೆಟ್ರೋಲ್ ಹೋಗೋದನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್ ಹಾಕಿದರೇ ಇಂಜಿನ್ ಆರದಿರಲು ಅದನ್ನು ಕುಡಿಯೋದು. ರೊಕ್ಕದ ಲೆಕ್ಕ ಹೇಳಿದರೆ ಡ್ರೈವರು ಬೇಗ ಒಪ್ಪುತ್ತಾನೆ, ಜೀವದ ಲೆಕ್ಕಕ್ಕೆ ಅಷ್ಟು ಬೇಗ ಒಪ್ಪಲ್ಲ.

ರಿವರ್ಸ್ ಕ್ಯಾಮೆರಾ ನನಗೆ ಮೊದಲ ದಿನವೇ ಹಿಡಿಸಿತು. ಆದರೂ ಕ್ಲೀನರ್ ಹಿಂದೆ ನಿಂತು ಬಾಡಿಗೆ ಬಡಿಯುತ್ತಾ "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನೋದಕ್ಕೆ ಸಮ ಯಾವುದೂ ಇಲ್ಲ. ಸೆನ್ಸರಿಗೆ ತೆಳ್ಳನೆಯ ಗೂಟ, ನೆಲಕ್ಕೆ ಹತ್ತಿದ ಕಲ್ಲು ತಪ್ಪಿಹೋಗಬಹುದು. ಎರಿ ಮಣ್ಣಿನ ಕೆಸರು ಒಂದು ಹನಿ ಬಿದ್ದರೆ ಕ್ಯಾಮೆರಾ ಕುರುಡು. ಕನ್ನಡಿ ನೋಡೋ ಅಭ್ಯಾಸ ಅಪ್ಪನಿಗೆ ಇದ್ದೇ ಇದೆ, ಅದನ್ನು ಬಿಡಿಸಬೇಡಿ.

ಕೊನೆಗೆ ನಿಮಗೂ ಒಂದು ಮಾತು. ಪಕ್ಕದಲ್ಲಿ ಕೂತು "ಅಪ್ಪಾ ಆ ಬಟನ್, ಅಪ್ಪಾ ಈ ಬಟನ್" ಅಂತ ಚಾಲೂ ಗಾಡಿಯಲ್ಲಿ ಪಾಠ ಮಾಡಬೇಡಿ. ಹೇಳೋದಿದ್ದರೆ ನಿಂತ ಗಾಡಿಯಲ್ಲಿ ಹೇಳಿ, ಚಹಾ ಕುಡೀತಾ. ಅವರು ಹಳೇ ದಿನಗಳಲ್ಲಿ ಲೋಡ್ ಹೊಡೆದ ದಾರಿಯಲ್ಲೇ ಕರೆದುಕೊಂಡು ಹೋಗಿ. ದಾರಿ ಗೊತ್ತಿದ್ದರೆ ಅರ್ಧ ತಲೆ ಖಾಲಿ ಇರುತ್ತದೆ, ಹೊಸದು ಹಿಡಿಸುತ್ತದೆ.

ಹಾಂ, ಚಾವಿ ಮರೆತಿದ್ದೆ. ಬಟನ್ ಒತ್ತಿ ಚಾಲೂ ಮಾಡೋ ಗಾಡಿ ಅಲ್ವಾ? "ಅದರೊಳಗಿನ ಸೆಲ್ ಮುಗಿದರೆ ನಡುದಾರಿಯಲ್ಲಿ ಏನ್ ಮಾಡ್ಲಿ" ಅನ್ನೋದು ನಮ್ಮ ವಯಸ್ಸಿನವರಿಗೆ ಒಳಗೊಳಗೇ ಕೊರೆಯುತ್ತಿರುತ್ತದೆ, ಬಾಯಿ ಬಿಟ್ಟು ಕೇಳಲ್ಲ. ಹೆಚ್ಚಿನ ಕಾರುಗಳ ಆ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸಣ್ಣ ಕಬ್ಬಿಣದ ಚಾವಿ ಅಡಗಿರುತ್ತದೆ, ಬಾಗಿಲು ತೆಗೆಯೋಕೆ. ಟಿವಿ ಪಕ್ಕದಿಂದ ಅದನ್ನು ಎತ್ತಿಕೊಂಡು ಬಂದು, ಎಳೆದು ಅಪ್ಪನ ಕೈಗೆ ಕೊಡಿ. ನನ್ನ ಅಳಿಯ ಹಾಗೆ ಕೊಟ್ಟಾಗ ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮೊದಲ ದಿನಾನೇ ಹೇಳಬಾರದೇನೋ" ಅಂತ ಬೈದಿದ್ದೆ.