ಅಣ್ಣನ ಎಂಜಿಎಗೆ ಅಂಬಾಸಿಡರ್ ಎಂಜಿನ್: ಹೇಳಲಾ, ಸುಮ್ನಿರಲಾ?

ಪ್ರಶ್ನೆ: ನಾನು ಬಳ್ಳಾರಿಯವನು, ವಯಸ್ಸು 48. ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆಯ ಹಳೇ ಕಾರಿನ ಹುಚ್ಚಿನವರು ಸೇರಿ ಒಂದು ಕ್ಲಬ್ ಮಾಡಿಕೊಂಡಿದ್ದೇವೆ. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತೀವಿ. ಕಾರ್ಬೊರೇಟರ್ ಟ್ಯೂನ್ ಮಾಡೋದು ಕಲಿಸಿದ್ದು ಅವರೇ, ನನ್ನ ಕಾರಿಗೆ ಎಷ್ಟೋ ಸಾಮಾನು ಪುಕ್ಕಟೆ ಕೊಟ್ಟಿದ್ದಾರೆ. ಈಗ ತಮ್ಮ 1958ರ ಎಂಜಿಎ ಸ್ಪೋರ್ಟ್ಸ್ ಕಾರನ್ನು ಗಂಗಾವತಿಯ ಹುಡುಗನೊಬ್ಬನಿಗೆ ಮಾರುತ್ತಿದ್ದಾರೆ. ಕ್ಲಬ್ಬಿಗೆ ಹೊಸಬ, ಮನೆಯವರದು ರೈಸ್ ಮಿಲ್. ‘ಎಂಜಿನ್ ಒರಿಜಿನಲ್, ನಂಬರ್ ತಾಳೆ ಇದೆ’ ಅಂದಿದ್ದಾರೆ. ಅದು ಅಂಬಾಸಿಡರ್ ಎಂಜಿನ್! ಕೂರಿಸುವಾಗ ಸ್ಪ್ಯಾನರ್ ಹಿಡಿದು ನಿಂತವನು ನಾನೇ. ಹಳೇ ಎಂಜಿನ್ ಬ್ಲಾಕಿನ ಮೇಲಿದ್ದ ಎಂಜಿನ್ ನಂಬರಿನ ಪ್ಲೇಟ್ ಕಿತ್ತು ಈ ಅಂಬಾಸಿಡರ್ ಎಂಜಿನ್ನಿಗೆ ರಿವೆಟ್ ಹೊಡೆದಿರೋದನ್ನು ಮೊನ್ನೆ ನೋಡಿದೆ. ಹುಡುಗ ಭಾನುವಾರ ಅಡ್ವಾನ್ಸ್ ಕೊಡ್ತಾನೆ. ‘ನೀವೊಮ್ಮೆ ನೋಡಿ ಹೇಳಿ ಕಾಕಾ’ ಅಂತ ನನ್ನನ್ನೂ ಕರೆದಿದ್ದಾನೆ. ದುಡ್ಡಿದ್ದವನು, ಅವನಿಗೇನೂ ಭಾರ ಆಗಲ್ಲ ಬಿಡಿ. ಆದರೆ ನಾನು ಬಾಯಿಬಿಟ್ಟರೆ ಕ್ಲಬ್ಬೇ ಒಡೆಯುತ್ತೆ. ಏನು ಮಾಡಲಿ?

ಉತ್ತರ: ‘ಭಾರ ಆಗಲ್ಲ ಬಿಡಿ’ ಅಂದಿರಲ್ಲ, ಆ ಸಾಲನ್ನು ಮೊದಲು ತೆಗೆಯೋಣ. ಹುಡುಗನ ಹತ್ತಿರ ದುಡ್ಡಿರೋದಕ್ಕೂ ಅಣ್ಣ ಹೇಳಿದ ಸುಳ್ಳಿಗೂ ಏನು ಸಂಬಂಧ? ಅದೇ ಮಾತು ಬಡ ಮೇಷ್ಟ್ರೊಬ್ಬರಿಗೆ ಹೇಳಿದ್ದರೆ ನಿಮಗೆ ನಿದ್ದೆ ಬರ್ತಿರಲಿಲ್ಲ ಅಲ್ವಾ?

ಅಂಬಾಸಿಡರ್ ಎಂಜಿನ್ ಹಾಕಿದ್ದು ತಪ್ಪೇನೂ ಅಲ್ಲ. 1955ರಿಂದ 59ರವರೆಗಿನ ಎಂಜಿಎಗೆ ಬರುತ್ತಿದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿಯ ಬಿ-ಸೀರೀಸ್ ಎಂಜಿನ್, ನಮ್ಮ ಅಂಬಾಸಿಡರ್‌ಗೆ ದಶಕಗಟ್ಟಲೆ ಬಂದದ್ದೂ ಅದೇ ಮನೆತನದ್ದು. ಆಮದು ಸಾಮಾನು ಕೈಗೆ ಸಿಗದ ಕಾಲದಲ್ಲಿ ಬ್ಲಾಕ್ ಬಿರುಕು ಬಿಟ್ಟರೆ ಕಾರನ್ನು ಗುಜರಿಗೆ ಹಾಕಬೇಕಿತ್ತು, ಇಲ್ಲಾ ಹೀಗೆ ಉಳಿಸಿಕೊಳ್ಳಬೇಕಿತ್ತು. ಉಳಿಸಿದವರಿಗೆ ನಾನಂತೂ ಕೈ ಮುಗಿಯುತ್ತೇನೆ. ಎಂಜಿಎಗೆ ಇರುವ ಹಾಗೆ ಎರಡು ಎಸ್‌ಯು ಕಾರ್ಬೊರೇಟರ್ ಕೂರಿಸಿಬಿಟ್ಟರೆ ಬಾನೆಟ್ ಎತ್ತಿದ ಹೊಸಬನಿಗೆ ವ್ಯತ್ಯಾಸ ಗೊತ್ತೇ ಆಗಲ್ಲ. ಅದಕ್ಕೇ ಅವನು ನಿಮ್ಮನ್ನು ಕರೆದಿರೋದು.

ಆ ಪ್ಲೇಟ್ ಇದೆಯಲ್ಲ, ಅದು ಬೇರೆ ಮಾತು. ಅದನ್ನು ಹೊಡೆದದ್ದು ಕಾರು ಓಡಲಿ ಅಂತ ಅಲ್ಲ, ಕೊಳ್ಳುವವನು ನಂಬಲಿ ಅಂತ.

ಇದು ಬರೀ ಇಬ್ಬರ ನಡುವಿನ ವ್ಯಾಪಾರ ಅಂತಲೂ ತಿಳಿಯಬೇಡಿ. ಎಂಜಿನ್ ಬದಲಾಯಿಸಿದರೆ ಆರ್‌ಸಿಯಲ್ಲಿ ದಾಖಲಾಗಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇಂಥ ಬದಲಾವಣೆಗೆ. ಜೊತೆಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಂತ ಬರುತ್ತೆ. ಹುಡುಗ ನಾಳೆ ಅದಕ್ಕೆ ಅರ್ಜಿ ಹಾಕಿ, ಬಲ್ಲವರೊಬ್ಬರು ಟಾರ್ಚ್ ಬಿಟ್ಟು ಆ ಹೊಸ ರಿವೆಟ್ ನೋಡಿದರು ಅಂತಿಟ್ಟುಕೊಳ್ಳಿ. ಆಗ ಉತ್ತರ ಕೊಡಬೇಕಾದವನು ಅವನು, ಅಣ್ಣ ಅಲ್ಲ. ‘ಇವರು ನೋಡಿ ಓಕೆ ಅಂದಿದ್ರು’ ಅಂತ ನಿಮ್ಮ ಹೆಸರೂ ಬರುತ್ತೆ.

ಕ್ಲಬ್ ಒಡೆಯುತ್ತೆ ಅಂತೀರಿ. ಒಡೆಯಬಹುದು, ಇಲ್ಲ ಅನ್ನಲ್ಲ. ಆದರೆ ನೀವುಗಳು ಇಷ್ಟು ವರ್ಷ ಒಬ್ಬರಿಗೊಬ್ಬರು ಗೇರ್‌ಬಾಕ್ಸು, ಡೈನಮೋ ಕೈ ಬದಲಾಯಿಸಿಕೊಂಡದ್ದು ಯಾವ ಬಿಲ್ ಇಟ್ಟುಕೊಂಡು? ‘ಚೆನ್ನಾಗಿದೆ, ಒಯ್ಯಿ’ ಅಂದರೆ ಒಯ್ದಿರಿ. ಈ ವಿಷಯ ಇನ್ನೊಂದು ವರ್ಷಕ್ಕೆ ಬೇರೆ ಕಡೆಯಿಂದ ಬಯಲಾಯಿತು ಅನ್ನಿ. ಆಮೇಲೆ ಯಾರು ಯಾರ ಮಾತಿನ ಮೇಲೆ ಸಾಮಾನು ಒಯ್ಯುತ್ತಾರೆ?

ಅಣ್ಣನ ಋಣ ನಿಮ್ಮ ಮೇಲಿದೆ, ಒಪ್ಪಿದೆ. ಅದನ್ನು ನಿಮ್ಮ ಕೈಯಿಂದ ತೀರಿಸಿ, ಗಂಗಾವತಿ ಹುಡುಗನ ಜೇಬಿನಿಂದ ಬೇಡ.

ಹಾಗಂತ ವಾಟ್ಸಾಪ್ ಗ್ರೂಪಿನಲ್ಲಿ ಒಂದಕ್ಷರ ಹಾಕಬೇಡಿ, ಉಳಿದವರ ಕಿವಿಗೂ ಊದಬೇಡಿ. ಶುಕ್ರವಾರದೊಳಗೆ ಒಬ್ಬರೇ ಅಣ್ಣನ ಮನೆಗೆ ಹೋಗಿ, ಮನೆಮಂದಿ ಮುಂದೆ ಬೇಡ, ಕಾರಿನ ಹತ್ತಿರವೇ ನಿಂತು ಮಾತಾಡಿ. ಭಾಷಣ ಬೇಡ. ‘ಅಣ್ಣಾ, ಹುಡುಗ ನನ್ನ ಕೇಳಿದಾನೆ. ನಾ ಸುಳ್ಳು ಹೇಳಂಗಿಲ್ಲ. ನೀವೇ ಹೇಳಿಬಿಡ್ರಿ, ರೇಟು ಸ್ವಲ್ಪ ಇಳಿಸ್ರಿ, ಕಾಗದ ಸರಿ ಮಾಡಿಸಾಕ ನಾ ಓಡಾಡ್ತೀನಿ’ ಅಂದರೆ ಸಾಕು. ಯಾಕೆ ಮಾರ್ತಿದ್ದಾರೆ ಅಂತಲೂ ಕೇಳಿ. ಪತ್ರದಲ್ಲಿ ನೀವು ಅದನ್ನು ಬರೆದೇ ಇಲ್ಲ. ಆಸ್ಪತ್ರೆ ಖರ್ಚೋ, ಮಗಳ ಮದುವೆಯೋ ಇದ್ದರೆ ಕ್ಲಬ್ಬಿನವರು ಕೈಗಡ ಹೊಂದಿಸಬಹುದು. ಹಳೇ ಬ್ಲಾಕ್ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ ಅದನ್ನೂ ಕಾರಿನ ಜೊತೆ ಕೊಡಲು ಹೇಳಿ, ಅಂಥದ್ದಕ್ಕೂ ಬೆಲೆ ಇದೆ.

ಅವರು ರೇಗಬಹುದು. ‘ನಾ ಕಲಿಸಿದವನೇ ನನಗೆ ಹೇಳಾಕ ಬಂದ್ಯಾ’ ಅನ್ನಬಹುದು. ಅನ್ನಲಿ, ವಾದಕ್ಕೆ ಇಳಿಯದೆ ಎದ್ದು ಬನ್ನಿ. ಶನಿವಾರ ರಾತ್ರಿಯವರೆಗೂ ಅವರು ಹುಡುಗನಿಗೆ ಹೇಳದಿದ್ದರೆ ಭಾನುವಾರ ಬೆಳಿಗ್ಗೆ ನೀವೇ ಫೋನ್ ಮಾಡಿ. ಅಣ್ಣನ ಗುಣದೋಷ ಎತ್ತಬೇಡಿ. ‘ಎಂಜಿನ್ ಅಂಬಾಸಿಡರ್‌ದು, ನಾನೇ ಕೂಡ ಇದ್ದು ಹಾಕಿದ್ದು, ಆರ್‌ಟಿಓ ಕಾಗದ ನೋಡಿಕೊಂಡು ಅಡ್ವಾನ್ಸ್ ಕೊಡು’ ಅನ್ನಿ. ಕಾರು ಇಷ್ಟವಾಗಿದ್ದರೆ ಅವನು ಕಡಿಮೆ ಬೆಲೆಗೆ ತಗೊಂಡರೂ ತಗೊಂಡಾನು.